ಬೆಂಚು ಖಾಲಿ ಬಿದ್ದ ಮೇಲೆ

ಈ ಸಲ ಬಂದ ಪತ್ರಗಳೆಲ್ಲ ಬೆಂಗಳೂರಿನ ಹಳೇ ಪೇಟೆ, ಗಲ್ಲಿ, ಕೊಳೆಗೇರಿಗಳ ಸುತ್ತಮುತ್ತಲಿನವು. ಹೆಚ್ಚಿನವರ ಬೇಡಿಕೆ ಒಂದೇ: ಮಕ್ಕಳಿಗೆ ಓದಿನ ಬೆಲೆ ತಿಳಿಯುವ ಹಾಗೆ ನಾಲ್ಕು ಬುದ್ಧಿಮಾತು ಬರೆಯಿರಿ. ಬುದ್ಧಿಮಾತಿಗೆ ಆ ಮನೆಗಳಲ್ಲಿ ಬರವಿಲ್ಲ. ಹುಡುಗರು ಎಲ್ಲಿ ಎಡವುತ್ತಾರೆ, ಅಲ್ಲಿ ಯಾರು ಏನು ಮಾಡಬಹುದು ಅನ್ನುವುದನ್ನಷ್ಟೇ ಇಲ್ಲಿ ಹೇಳಿದ್ದೇವೆ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ದೀಪಾವಳಿ ಆದ ಮೇಲೆ ಸ್ಕೂಲ್ ಕಡೆ ತಲೆ ಹಾಕಿಲ್ಲ, ಇಡೀ ದಿನ ಗ್ಯಾರೇಜಿನಲ್ಲಿ ಕೂತಿರ್ತಾನೆ. ಬೈದಾಯ್ತು, ಹೊಡೆದಾಯ್ತು, ತಾಯತ ಕಟ್ಟಿಸಿದ್ದೂ ಆಯ್ತು. ಅವರಪ್ಪ 'ಓದಿ ಯಾರು ಉದ್ಧಾರ ಆಗಿದಾರೆ, ಕೆಲಸ ಕಲೀಲಿ ಬಿಡು' ಅಂತಾರೆ.
– ಒಬ್ಬ ತಾಯಿ, ಶ್ರೀರಾಮಪುರ

ಉತ್ತರ: ಅವನಿಗೆ ಓದಲು ಬರುತ್ತದೋ ಇಲ್ಲವೋ, ಮೊದಲು ಅದನ್ನು ನೋಡಿ. ಇದು ತಮಾಷೆಯ ಮಾತಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ನಾಲ್ಕನೇ ತರಗತಿಯ ಕನ್ನಡ ಪುಸ್ತಕದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ. ನಿಮಗೆ ಓದು ಬಾರದಿದ್ದರೆ ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕೂರಿಸಿಕೊಳ್ಳಿ. ಆಮೇಲೆ 52ರಲ್ಲಿ 27 ಕಳೆಯುವುದು, 96ನ್ನು 4ರಿಂದ ಭಾಗಿಸುವುದು, ಇಂಥ ಎರಡು ಲೆಕ್ಕ ಕೊಡಿ. ಶಾಲೆ ಬಿಟ್ಟ ಎಷ್ಟೋ ಹುಡುಗರು ಇಲ್ಲೇ ತಡವರಿಸುತ್ತಾರೆ. ಕಾಗುಣಿತ ಹೇಗೋ ದಾಟಿರುತ್ತಾರೆ; ಒತ್ತಕ್ಷರ, ಅರ್ಕಾವೊತ್ತು ಬಂದ ಕೂಡಲೇ ಪದದ ತಲೆ ನೋಡಿ ಬಾಲ ಊಹಿಸುತ್ತಾರೆ. 'ಸ್ವಾತಂತ್ರ್ಯ' ಓದಲಾಗದವನು ಸಮಾಜ ವಿಜ್ಞಾನದ ಪಾಠದಲ್ಲಿ ದಿನಾ ಕೂತು ಏನು ಮಾಡಬೇಕು? ತರಗತಿಯಲ್ಲಿ ಅವನು ದಡ್ಡ. ಗ್ಯಾರೇಜಿನಲ್ಲಿ 12ರ ಸ್ಪ್ಯಾನರ್ ಕೇಳಿದರೆ 12ರದ್ದೇ ತಂದುಕೊಡುವ ಜಾಣ. ಯಾರಾದರೂ ಎಲ್ಲಿಗೆ ಹೋಗುತ್ತಾರೆ ಹೇಳಿ.

ಓದೇ ತೊಡಕಾಗಿದ್ದರೆ ಟ್ಯೂಷನ್ನಿಗೆ ಸೇರಿಸಿ ಒಂಬತ್ತನೆಯ ಪಾಠ ಮಾಡಿಸುವುದು ದುಡ್ಡು ದಂಡ. ಮೂರನೇ ತರಗತಿಯ ಪುಸ್ತಕದಿಂದ ಶುರು ಮಾಡಿ. ಅದರ ರಟ್ಟು ಕಿತ್ತು, ಹಳೇ ಪೇಪರಿನಲ್ಲಿ ಬೈಂಡ್ ಹಾಕಿ ಕೊಡಿ. 'ಮೂರನೇ ಕ್ಲಾಸು' ಅಂತ ಗೆಳೆಯರ ಕಣ್ಣಿಗೆ ಬಿದ್ದರೆ ಅವತ್ತಿಗೇ ಮುಗಿಯಿತು. ದಿನಕ್ಕೆ ಅರ್ಧ ಗಂಟೆ ಸಾಕು: ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದುವುದು, ಹತ್ತು ನಿಮಿಷ ಎಡವಿದ ಪದಗಳನ್ನು ಬರೆಯುವುದು. ತಪ್ಪಿದಲ್ಲೆಲ್ಲ ನಿಲ್ಲಿಸಬೇಡಿ, ಪ್ಯಾರಾ ಮುಗಿಯಲಿ. ವಾರಕ್ಕೆ ಐದು ದಿನ ತಪ್ಪದೆ ಮಾಡಿದರೆ ಎರಡು ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಭಾನುವಾರ ಒಂದೇ ದಿನ ಮೂರು ಗಂಟೆ ಕೂರಿಸಿದರೆ ಏನೂ ಆಗದು.

ಓದು ಚೆನ್ನಾಗೇ ಬರುತ್ತಿದ್ದರೆ ಕಾರಣ ಬೇರೆ ಇದೆ. ಯಾರೋ ಮೇಷ್ಟ್ರು ಎಲ್ಲರೆದುರು ಅವಮಾನ ಮಾಡಿರಬಹುದು, ದಾರಿಯಲ್ಲಿ ಯಾರೋ ಕಾಡುತ್ತಿರಬಹುದು, ಪಂಕ್ಚರ್ ಸಲ್ಯೂಷನ್ ಮೂಸುವ ಗುಂಪಿಗೆ ಬಿದ್ದಿರಬಹುದು. ಕರ್ಚೀಫಿನಲ್ಲಿ ಆ ವಾಸನೆ, ಮೂಗಿನ ಕೆಳಗೆ ಗುಳ್ಳೆ, ಮಧ್ಯಾಹ್ನವೇ ಮಂಪರು ಕಂಡರೆ ಹೊಡೆಯಬೇಡಿ. ನಿಮ್ಹಾನ್ಸ್‌ನ ಮಕ್ಕಳ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಿ.

ಶಾಲೆಗೆ ವಾಪಸ್ ಕಳಿಸುವ ಹಿಂದಿನ ದಿನ ನೀವೊಬ್ಬರೇ ಹೋಗಿ ಕ್ಲಾಸ್ ಟೀಚರನ್ನು ಕಂಡು ಒಂದೇ ಮಾತು ಕೇಳಿಕೊಳ್ಳಿ: ಮೊದಲ ವಾರ 'ಎಲ್ಲಿಗಪ್ಪಾ ಹೋಗಿದ್ದೆ ದೊರೆ' ಅಂತ ಎಲ್ಲರೆದುರು ಕೇಳಬೇಡಿ. ಮರಳಿ ಬಂದ ಹುಡುಗರು ಮೂರನೇ ದಿನ ಮತ್ತೆ ಮಾಯವಾಗುವುದು ಹೆಚ್ಚಾಗಿ ಈ ಪ್ರಶ್ನೆಯಿಂದ. ತಡ ಮಾಡಬೇಡಿ, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು.

ಇನ್ನು ಅವರಪ್ಪನ ಮಾತು. ಡಾಕ್ಟರ್, ಎಂಜಿನಿಯರ್ ಅಂತ ಅವರ ಮುಂದೆ ಹೇಳಬೇಡಿ, ನಗುತ್ತಾರೆ. ಅವರಿಗೆ ಗೊತ್ತಿರುವ ಕೆಲಸಗಳ ಲೆಕ್ಕವನ್ನೇ ಹೇಳಿ. ಸರ್ಕಾರಿ ಬಸ್ಸಿನ ಡ್ರೈವರ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಬೇಕು. ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿಯಲು ಅದೇ ಬೇಕು. ಸಿವಿಲ್ ಪೊಲೀಸ್ ಪೇದೆಯಾಗಲು ಪಿಯುಸಿ. ಸೌದಿ, ದುಬೈಗೆ ಕೆಲಸಕ್ಕೆ ಹೋಗುವವನ ಪಾಸ್‌ಪೋರ್ಟಿಗೂ ಹತ್ತನೇ ಪಾಸಿನ ನಂಟಿದೆ: ಪಾಸಾಗದವರ ಪಾಸ್‌ಪೋರ್ಟ್ 'ವಲಸೆ ಅನುಮತಿ ಬೇಕು' ಅನ್ನುವ ವರ್ಗಕ್ಕೆ ಬೀಳುತ್ತದೆ, ಹೊರಡುವ ಮುನ್ನ ಸರ್ಕಾರದ ಅನುಮತಿಗೆ ಅಲೆಯಬೇಕು. ಗ್ಯಾರೇಜು ಎಲ್ಲೂ ಓಡಿಹೋಗುವುದಿಲ್ಲ. ಹದಿನೆಂಟು ದಾಟಿದ ಮೇಲೂ ಅಲ್ಲೇ ಇರುತ್ತದೆ.

ಪ್ರಶ್ನೆ: ಗಣಿತ, ಇಂಗ್ಲಿಷ್ ಎರಡರಲ್ಲೂ ಮಗ ಹತ್ತನೇದರಲ್ಲಿ ಡುಮ್ಕಿ. ಇನ್ನು ಅವನ ಓದು ಮುಗೀತಾ?
– ಒಬ್ಬ ಆಟೊ ಚಾಲಕ, ಗೌರಿಪಾಳ್ಯ

ಉತ್ತರ: ಇಲ್ಲ. 2023-24ರಿಂದ ಮುಖ್ಯ ಪರೀಕ್ಷೆಯೇ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ. ಫೇಲಾದ ಎರಡು ವಿಷಯ ಮಾತ್ರ ಬರೆದರೆ ಸಾಕು, ಪಾಸಾದವುಗಳ ಅಂಕ ಹಾಗೇ ಉಳಿಯುತ್ತದೆ. ಎಡವಟ್ಟಾಗುವುದು ಅರ್ಜಿಯಲ್ಲಿ: ಫಲಿತಾಂಶ ಬಂದ ಮೇಲೆ ಶುಲ್ಕ ಕಟ್ಟಲು ಸಿಗುವ ದಿನ ಬಹಳ ಕಡಿಮೆ, ನಾಚಿಕೆಗೆ ಹುಡುಗ ಶಾಲೆಯ ಕಡೆ ಹೋಗಿರುವುದಿಲ್ಲ. ಫಲಿತಾಂಶದ ಮಾರನೇ ದಿನವೇ ನೀವೇ ಅವನನ್ನು ಆಟೊದಲ್ಲಿ ಕೂರಿಸಿಕೊಂಡು ಹೋಗಿ.

ಗಣಿತದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕಕ್ಕೆ 20. ಪೂರ್ತಿ ಪುಸ್ತಕ ಹಿಡಿದು ಕೂರಬೇಕಿಲ್ಲ. ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯದ ಸಾಧನೆ, ಸರಾಸರಿ-ಮಧ್ಯಾಂಕ-ಬಹುಲಕ, ಸಮಾಂತರ ಶ್ರೇಢಿ, ಇವು ಕ್ರಮ ಕಲಿತರೆ ಕೈಹಿಡಿಯುವ ಭಾಗಗಳು. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಈ ಲೆಕ್ಕಗಳನ್ನಷ್ಟೇ ಗುರುತು ಹಾಕಿ, ಗಡಿಯಾರ ಇಟ್ಟುಕೊಂಡು ಬಿಡಿಸಲಿ.

ಎರಡು ಮೂರು ಸಲವೂ ಆಗಲಿಲ್ಲವಾದರೆ ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಇದೆ, ದಿನಾ ಕ್ಲಾಸಿಗೆ ಹೋಗದೆ ಹತ್ತನೇದು ಬರೆಯಬಹುದು. ಒಮ್ಮೆ ನೋಂದಾಯಿಸಿದರೆ ಐದು ವರ್ಷದ ಅವಧಿ, ಒಂಬತ್ತು ಅವಕಾಶ. ರಾಜ್ಯ ಮಂಡಳಿಯಲ್ಲಿ ಪಾಸಾದ ವಿಷಯಗಳಲ್ಲಿ ಎರಡನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ದಲ್ಲಾಳಿಗಳಿಗೆ ಕೊಟ್ಟು 'ಗ್ಯಾರಂಟಿ ಪಾಸ್' ಸರ್ಟಿಫಿಕೇಟ್ ತರಿಸಬೇಡಿ, ಕೆಲಸಕ್ಕೆ ಸೇರುವಾಗ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಪುಸ್ತಕವೇ ಬೇಡ ಅಂತ ಹಟ ಹಿಡಿದರೆ ಐಟಿಐನಲ್ಲಿ ವೆಲ್ಡರ್, ವೈರ್‌ಮನ್‌ನಂಥ ಕೆಲವು ಟ್ರೇಡಿಗೆ ಎಂಟನೇ ತರಗತಿ ಪಾಸಾದವರನ್ನೂ ತೆಗೆದುಕೊಳ್ಳುತ್ತಾರೆ. ವೆಲ್ಡರ್ ಒಂದು ವರ್ಷ, ವೈರ್‌ಮನ್ ಎರಡು.

ಪ್ರಶ್ನೆ: ನನಗೆ 15 ವರ್ಷ. ಏರಿಯಾ ಗಲಾಟೆಯಲ್ಲಿ ನನ್ನ ಹೆಸರೂ ಬಂತು. ಶಾಲೆಯವರು ಟಿಸಿ ತಗೊಂಡು ಹೋಗು ಅಂತಿದಾರೆ. 'ಕೇಸ್ ಇದ್ದೋನಿಗೆ ಯಾವ ಕೆಲಸಾನೂ ಸಿಗಲ್ಲ' ಅಂತ ಎಲ್ರೂ ಹೇಳ್ತಾರೆ. ಮತ್ತೆ ಯಾಕೆ ಓದಲಿ?
– ಹೆಸರು ಬೇಡ, ಡಿ.ಜೆ. ಹಳ್ಳಿ

ಉತ್ತರ: ಎಲ್ಲರೂ ಹೇಳುವುದು ತಪ್ಪು ಕಣಪ್ಪ. ಹದಿನೆಂಟು ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಪೊಲೀಸರು ನಿನ್ನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, ನಿನ್ನ ವಯಸ್ಸಿನಲ್ಲಿ ತಪ್ಪು ಸಾಬೀತಾದರೂ ಅದರಿಂದ ಮುಂದೆ ಯಾವ ಅನರ್ಹತೆಯೂ ತಗಲುವುದಿಲ್ಲ. 74ನೇ ಕಲಮಿನಲ್ಲಿ ಇನ್ನೊಂದು ಮಾತಿದೆ: ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಆ ದಾಖಲೆ ಹೊರಗೆ ಹಾಕುವಂತಿಲ್ಲ. ವಕೀಲರಿಗೆ ದುಡ್ಡಿಲ್ಲವೆಂದರೆ 15100ಕ್ಕೆ ಕರೆ ಮಾಡು, ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹದಿನೆಂಟು ತುಂಬಿದ ಮೇಲಿನ ಕೇಸಿಗೆ ಈ ರಕ್ಷಣೆ ಇಲ್ಲ ಅನ್ನುವುದೂ ನೆನಪಿರಲಿ.

ಟಿಸಿ ವಿಷಯ ನಿನ್ನ ಅಪ್ಪ ಅಮ್ಮನಿಗೆ ಓದಿ ಹೇಳು. 'ಮನೆಯ ಕಾರಣಕ್ಕೆ ಟಿಸಿ ಕೊಡಿ' ಅಂತ ಅವರಿಂದಲೇ ಅರ್ಜಿ ಬರೆಸಿಕೊಳ್ಳುವುದು ಹಳೇ ಉಪಾಯ. ಆ ಕಾಗದಕ್ಕೆ ಸಹಿ ಬಿದ್ದರೆ ಹೊರಗೆ ಹಾಕಿದವರು ಯಾರೂ ಇಲ್ಲ, ನೀವೇ ಹೋದಿರಿ ಅಂತಾಗುತ್ತದೆ. ಸಹಿ ಬೇಡ. 'ತೆಗೆಯುವ ಕಾರಣ ಬರೆದುಕೊಡಿ' ಅಂತ ಲಿಖಿತವಾಗಿ ಕೇಳಿ ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಲಿ. ಬಹಳಷ್ಟು ಸಲ ಮಾತು ಅಲ್ಲಿಗೇ ತಣ್ಣಗಾಗುತ್ತದೆ.

ಪ್ರಶ್ನೆ: ಮೊಮ್ಮಗಳು ಏಳನೇದು ಮುಗಿಸಿದಾಳೆ. ನನ್ನ ಮಗಳು ಗಾರ್ಮೆಂಟ್ಸಿಗೆ ಹೋಗ್ತಾಳೆ, ಎರಡು ವರ್ಷದ ಕೂಸನ್ನ ನೋಡ್ಕೊಳ್ಳೋರು ಯಾರು? ನನಗೆ ಕಣ್ಣು ಕಾಣಲ್ಲ. ಹೈಸ್ಕೂಲೂ ದೂರ.
– ಒಬ್ಬ ಅಜ್ಜಿ, ಲಗ್ಗೆರೆ (ಬರೆಸಿದ್ದು)

ಉತ್ತರ: ಐವತ್ತಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಲೇಬೇಕು, ಅಜ್ಜಿ; ಕಾನೂನಿನಲ್ಲೇ ಇದೆ. ಕೋಣೆಯಿದ್ದರೂ ಆಯಾ ಇಲ್ಲದೆ ಬೀಗ ಬಿದ್ದಿರುವುದುಂಟು. ನಿಮ್ಮ ಮಗಳೊಬ್ಬಳೇ ಕೇಳಿದರೆ ಸೂಪರ್‌ವೈಸರ್ ಕಣ್ಣು ಕೆಂಪಾಗುತ್ತದೆ, ಕೂಸಿರುವ ನಾಲ್ಕೈದು ಜನ ಒಟ್ಟಿಗೆ ಎಚ್.ಆರ್. ಹತ್ತಿರ ಹೋಗಲಿ. ಕೂಸಿಗೆ ಮೂರು ತುಂಬಿದ ಮೇಲೆ ಅಂಗನವಾಡಿ ಇದೆ. ದೂರದ ಮಾತಿಗೆ, ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ. ಏಳರಿಂದ ಎಂಟಕ್ಕೆ ಶಾಲೆ ಬದಲಾಗುವ ಈ ಜೂನ್ ತಿಂಗಳಲ್ಲೇ ಹೆಣ್ಣುಮಕ್ಕಳು ಸದ್ದಿಲ್ಲದೆ ಮನೆಯಲ್ಲಿ ಉಳಿದುಬಿಡುವುದು. ದಾಖಲಾತಿ ಮೊದಲು ಮುಗಿಸಿ, ಕೂಸಿನ ಏರ್ಪಾಡು ಆಮೇಲೆ.

ಪ್ರಶ್ನೆ: ಪೋಷಕರ ಸಭೆ ಕರೆದರೆ ಅರವತ್ತರಲ್ಲಿ ಏಳು ಜನ ಬರುತ್ತಾರೆ. ಇವರಿಗೆ ಮಕ್ಕಳ ಓದು ಬೇಕಾಗಿಲ್ಲವೇ?
– ಒಬ್ಬ ಶಿಕ್ಷಕಿ, ಶಿವಾಜಿನಗರ

ಉತ್ತರ: ಬುಧವಾರ ಹನ್ನೊಂದು ಗಂಟೆಗೆ ಕರೆದಿರಾ ಮೇಡಂ? ಹಾಗಾದರೆ ಆ ಏಳು ಜನ ಅರ್ಧ ದಿನದ ಕೂಲಿ ಬಿಟ್ಟು ಬಂದವರು, ಅವರಿಗೊಂದು ಕೈ ಮುಗಿಯಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಥವಾ ಸಂಜೆ ಏಳೂವರೆಗೆ ಇಟ್ಟು ನೋಡಿ. ಜಾಗ ಅವರ ಗಲ್ಲಿಯದೇ ಇರಲಿ: ಅಂಗನವಾಡಿ, ಮಸೀದಿಯ ಅಂಗಳ, ಚರ್ಚ್ ಹಾಲ್, ಯಾವುದಾದರೂ ಸರಿ. ನಲವತ್ತು ನಿಮಿಷ ಮೀರದಿರಲಿ. ಉರ್ದು, ತಮಿಳು ಮಾತಾಡುವ ಮನೆಗಳಿಗೆ ಚೀಟಿ ಕಳಿಸಿದರೆ ಅದು ಬ್ಯಾಗಿನಲ್ಲೇ ಉಳಿಯುತ್ತದೆ, ಫೋನ್ ಮಾಡಿ. ಸಭೆಗೆ ಮುಂಚೆ ಪ್ರತಿ ಮನೆಗೂ ಒಂದು ಒಳ್ಳೆಯ ಸುದ್ದಿಯ ಕರೆ ಹೋಗಿರಲಿ, 'ನಿಮ್ಮ ಹುಡುಗ ಇವತ್ತು ಲೆಕ್ಕ ತಾನೇ ಬಿಡಿಸಿದ' ಅನ್ನುವಷ್ಟು ಸಾಕು. ಶಾಲೆಯಿಂದ ಫೋನ್ ಬಂದರೆ ದೂರು ಅಂತಲೇ ತಿಳಿದವರು ಅವರು. ಸಭೆಯಲ್ಲಿ ರ‍್ಯಾಂಕ್ ಓದಬೇಡಿ. ಜೂನ್ ತಿಂಗಳ ನೋಟ್‌ಬುಕ್ಕನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ತೋರಿಸಿ; ಅಕ್ಷರ ಬಾರದ ತಾಯಿಗೂ ಬರವಣಿಗೆ ದುಂಡಾಗಿದ್ದು ಕಾಣುತ್ತದೆ.

ಕೊನೆಗೆ ಚಾಮರಾಜಪೇಟೆಯಿಂದ ಒಂದು ಚಿಕ್ಕ ಪ್ರಶ್ನೆ, ಸ್ಕಾಲರ್‌ಶಿಪ್ ಎರಡು ವರ್ಷದಿಂದ ಬಂದಿಲ್ಲ ಅಂತ. ಆಧಾರ್, ಶಾಲೆಯ ಸ್ಯಾಟ್ಸ್ ದಾಖಲೆ (ಮಗುವಿನ ವಿವರ ಇರುವ ಸರ್ಕಾರದ ಆನ್‌ಲೈನ್ ಪಟ್ಟಿ), ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಮಗುವಿನ ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯೇ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಅರ್ಜಿ ತಡೆಯಬಹುದು. ಜಾತಿ-ಆದಾಯ ಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಆದಾಯ ಪತ್ರಕ್ಕೆ ಐದು ವರ್ಷದ ಆಯಸ್ಸು. ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆಯಾ' ಅಂತ ಕೇಳಿದರೆ ಹೂಂ ಅನ್ನುತ್ತಾರೆ. 'ಎನ್‌ಪಿಸಿಐ ಸೀಡಿಂಗ್ ಈ ಖಾತೆಗೇ ಆಗಿದೆಯಾ' ಅಂತ ಕೇಳಿ; ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಅನ್ನುವುದು ಆ ಜೋಡಣೆಯಿಂದಲೇ ತೀರ್ಮಾನವಾಗುತ್ತದೆ.