ಮಂಡಿ ಶಸ್ತ್ರಚಿಕಿತ್ಸೆಯಾದ ಆಟಗಾರನಿಗೆ ಬೇಳೆ, ಮೊಟ್ಟೆ ನಿಲ್ಲಿಸಬೇಕೇ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ತೂಕ 64 ಕೆ.ಜಿ. ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡರ್ ಆಗಿದ್ದ ಅವನ ಬಲ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್) ಹರಿದು, ಎರಡು ವಾರಗಳ ಹಿಂದೆ ಶಸ್ತ್ರಚಿಕಿತ್ಸೆ ಆಯಿತು. ಹೊಲಿಗೆ ಕೀವಾಗುತ್ತದೆಂದು ನಮ್ಮ ಅತ್ತೆಯವರು ಬೇಳೆಕಾಳು, ಮೊಟ್ಟೆ, ಮಾಂಸ, ಬದನೆಕಾಯಿ ಎಲ್ಲವನ್ನೂ ನಿಲ್ಲಿಸಿ ಗಂಜಿ ಮತ್ತು ತಿಳಿಸಾರು ಅನ್ನ ಮಾತ್ರ ಕೊಡಿಸುತ್ತಿದ್ದಾರೆ. ದಪ್ಪಗಾಗುವ ಭಯದಿಂದ ಮಗ ರಾತ್ರಿಯೂಟ ಬಿಟ್ಟಿದ್ದಾನೆ. ತೊಡೆ ಸಣ್ಣಗಾಗುತ್ತಿದೆ. ಸ್ನೇಹಿತರು ಪ್ರೋಟೀನ್ ಪುಡಿ ತಂದುಕೊಟ್ಟಿದ್ದಾರೆ. ಏನು ಮಾಡಲಿ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಮಗನ ತಟ್ಟೆಯಿಂದ ತೆಗೆದಿರುವ ಪದಾರ್ಥಗಳೇ ಅವನಿಗೆ ಈಗ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವವು. ಈ ಪಥ್ಯವನ್ನು ಇಂದೇ ಕೈಬಿಡಿ. ಗಾಯದಲ್ಲಿ ಕೀವು ತುಂಬುವುದು ರೋಗಾಣುಗಳಿಂದಲೇ ಹೊರತು ತೊಗರಿಬೇಳೆಯಿಂದಾಗಲಿ ಬದನೆಯಿಂದಾಗಲಿ ಅಲ್ಲ. ಮೊಮ್ಮಗನ ಮೇಲಿನ ಅಕ್ಕರೆಯಿಂದಲೇ ಅತ್ತೆಯವರು ಹೀಗೆ ಮಾಡುತ್ತಿದ್ದಾರೆ. ಶಸ್ತ್ರಚಿಕಿತ್ಸಕರ ಬಳಿಗೆ ಮುಂದಿನ ಸಲ ಹೋಗುವಾಗ ಅವರನ್ನೂ ಕರೆದೊಯ್ದರೆ, ವೈದ್ಯರ ಬಾಯಿಂದಲೇ ಕೇಳಿ ಸಮಾಧಾನವಾದೀತು.

ಮಂಡಿ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ಬಹಳ ಬೇಗ ಕರಗುತ್ತದೆ, ಮತ್ತು ಬಳಕೆಯಿಲ್ಲದ ಸ್ನಾಯುವಿಗೆ ಆಹಾರದ ಪ್ರೋಟೀನನ್ನು ಹೀರಿ ಬೆಳೆಯುವ ಶಕ್ತಿಯೂ ಕುಗ್ಗಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಒಂದು ಕೆ.ಜಿ. ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಚೇತರಿಸಿಕೊಳ್ಳುವ ಆಟಗಾರರಿಗೆ ಕ್ರೀಡಾ ಪೋಷಣಾ ತಜ್ಞರು ಸೂಚಿಸುವುದು ಸುಮಾರು ಅದರ ಎರಡರಷ್ಟು, ಅಂದರೆ 1.6 ಗ್ರಾಂ ಅಥವಾ ತುಸು ಹೆಚ್ಚು. ನಿಮ್ಮ ಮಗನಿಗೆ ಇದು ದಿನಕ್ಕೆ ಸುಮಾರು 100 ಗ್ರಾಂ ಆಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಇಷ್ಟು ಕೊಡಬಾರದು.

ನಿಮ್ಮ ಕಡೆಯ ಊಟದಲ್ಲೇ ಇಷ್ಟು ದೊರೆಯುತ್ತದೆ. ಮೂರು ಮೊಟ್ಟೆಯಿಂದ 18 ಗ್ರಾಂ, ಎರಡು ಲೋಟ ಹಾಲಿನಿಂದ 13, ಎರಡು ಹೊತ್ತಿನ ಹುರುಳಿ ಅಥವಾ ಹೆಸರುಕಾಳಿನ ಸಾರಿನಲ್ಲಿ ಒಟ್ಟು 100 ಗ್ರಾಂ ಕಾಳಿದ್ದರೆ 22, ಒಂದು ಹಿಡಿ ಕಡಲೆಕಾಯಿ ಬೀಜದಿಂದ ಏಳೆಂಟು, 100 ಗ್ರಾಂ ಕೋಳಿಮಾಂಸದಿಂದ 20; ಉಳಿದದ್ದನ್ನು ಮುದ್ದೆ, ಅನ್ನ, ಮೊಸರು ತುಂಬಿಕೊಡುತ್ತವೆ. ಮಾಂಸವಿಲ್ಲದ ದಿನ ಸೋಯಾ ಉಂಡೆ ಅಥವಾ ಪನ್ನೀರು ಕೊಡಿ. ಆದರೆ ಸಾರಿನ ತಿಳಿಯನ್ನು ಬಡಿಸಿ ಕಾಳನ್ನು ಪಾತ್ರೆಯಲ್ಲೇ ಉಳಿಸಿದರೆ ಈ ಲೆಕ್ಕವೆಲ್ಲ ವ್ಯರ್ಥ. ಕಾಲು ಸೂಪಿನ ವಿಷಯವೂ ಇಷ್ಟೇ: ಅದು ಬಾಯಿಗೆ ಹಿತ, ಮಾಂಸಕ್ಕೆ ಬದಲಿಯಲ್ಲ. ಪ್ರೋಟೀನನ್ನು ಒಂದೇ ಹೊತ್ತಿಗೆ ಸುರಿಯದೆ ನಾಲ್ಕು ಹೊತ್ತಿಗೆ ಹಂಚಿ, ಫಿಸಿಯೋಥೆರಪಿಯ ವ್ಯಾಯಾಮ ಮುಗಿದ ಮೇಲೆ ಒಂದು ಪಾಲು ಸಿಗುವಂತೆ ನೋಡಿಕೊಳ್ಳಿ. ಆ ವ್ಯಾಯಾಮವಿಲ್ಲದೆ ಎಷ್ಟು ತಿಂದರೂ ತೊಡೆ ತುಂಬಿಕೊಳ್ಳುವುದಿಲ್ಲ.

ರಾತ್ರಿಯೂಟವನ್ನು ಅವನು ಬಿಡಲೇಬಾರದು. ಗಾಯ ಮಾಯಲು ದೇಹಕ್ಕೆ ಹೆಚ್ಚುವರಿ ಶಕ್ತಿ ಬೇಕು. ಊರುಗೋಲು ಹಿಡಿದು ನಡೆಯುವುದೂ ಮಾಮೂಲಿ ನಡಿಗೆಗಿಂತ ಹೆಚ್ಚು ಶಕ್ತಿ ಬೇಡುತ್ತದೆ. ಹೊಟ್ಟೆಗೆ ಸಾಲದಿದ್ದರೆ ದೇಹ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ತೂಕದ ಚಿಂತೆಯಿದ್ದರೆ ಬೋಂಡ, ಸಿಹಿ, ಸೋಡಾ ಬಿಡಲಿ.

ಹೊಸ ಲಿಗಮೆಂಟನ್ನು ಕೂರಿಸಲು ಮೂಳೆಯಲ್ಲಿ ರಂಧ್ರ ಕೊರೆದಿರುತ್ತಾರೆ. ಆ ಮೂಳೆ ಕೂಡಿಕೊಳ್ಳಲು ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುವುದರಿಂದ ಮುದ್ದೆ ತಪ್ಪದಿರಲಿ. ಗಾಯವನ್ನು ಕೂಡಿಸುವ ಕೊಲಾಜನ್ ಎಂಬ ಪ್ರೋಟೀನಿನ ರಚನೆಗೆ ಬೇಕಾದ ವಿಟಮಿನ್ ಸಿ ಸೀಬೆಹಣ್ಣು, ನೆಲ್ಲಿಕಾಯಿಗಳಲ್ಲಿ ಧಾರಾಳವಾಗಿದೆ. ವಿಟಮಿನ್ ಡಿ ಮಾತ್ರೆಯನ್ನು ರಕ್ತಪರೀಕ್ಷೆಯ ನಂತರವೇ ಕೊಡಿ.

ಪ್ರೋಟೀನ್ ಪುಡಿ ಸದ್ಯಕ್ಕೆ ಬೇಡ. ಕೆಲವು ಪುಡಿಗಳಲ್ಲಿ ಚೀಟಿಯ ಮೇಲೆ ನಮೂದಿಸದ ನಿಷೇಧಿತ ಪದಾರ್ಥಗಳು ಸೇರಿರುತ್ತವೆ, ಮತ್ತು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಅವು ಪತ್ತೆಯಾದರೆ ತಿಳಿಯದೆ ಸೇವಿಸಿದ ಆಟಗಾರನೇ ಹೊಣೆಯಾಗುತ್ತಾನೆ. ಸಿಗರೇಟು ಮತ್ತು ಮದ್ಯ ಗಾಯ ಮಾಯುವುದನ್ನು ತಡೆಯುತ್ತವೆ ಎಂಬುದನ್ನೂ ಅವನಿಗೆ ಮನದಟ್ಟು ಮಾಡಿಸಿ.

ಹೊಲಿಗೆಯ ಸುತ್ತ ಕೆಂಪಾಗಿ ಬಿಸಿಯೇರಿದರೆ, ಕೀವು ಸೋರಿದರೆ, ಜ್ವರ ಬಂದರೆ, ಮೀನಖಂಡ ಊದಿ ನೋಯತೊಡಗಿದರೆ ಆಹಾರದಲ್ಲಿ ಕಾರಣ ಹುಡುಕುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.