ಕೃಷ್ಣ ಸಂಧಾನದಲ್ಲಿ ಕೃಷ್ಣನ ಮಾತು ಸೋತಿತಾ?

ನಮಸ್ಕಾರ. ಉಡುಪಿಯಲ್ಲಿ ಕೃಷ್ಣ ಸಂಧಾನದ ತಾಳಮದ್ದಳೆ (ಯಕ್ಷಗಾನದ ಮಾತಿನ ರೂಪ) ಕೇಳಿ ಬಂದು, ಪಾಂಡವರ ಪರವಾಗಿ ಸಂಧಿಗೆ ಹೋದ ಕೃಷ್ಣ ಅಷ್ಟು ಚೆನ್ನಾಗಿ ಮಾತಾಡಿದರೂ ಕೌರವ (ದುರ್ಯೋಧನ) ಒಪ್ಪಲಿಲ್ಲ, ಹಾಗಾದರೆ ಕೃಷ್ಣನ ಮಾತು ಸೋತ ಹಾಗಲ್ವಾ ಎಂದು ಕೇಳಿದ್ದೀರಿ. ನನಗಂತೂ ಹಾಗೆ ಅನಿಸುವುದಿಲ್ಲ.

ವ್ಯಾಸಭಾರತದ ಉದ್ಯೋಗಪರ್ವ ನೋಡಿ. ಸಭೆಯಲ್ಲಿ ಕೃಷ್ಣ ಮೊದಲು ಮಾತಾಡುವುದು ಧೃತರಾಷ್ಟ್ರನ ಹತ್ತಿರ. ಅರಸ ಅವನೇ ತಾನೆ? ಆದರೆ ಅವನು ಕೊಡುವ ಉತ್ತರ: ನಾನು ಸ್ವತಂತ್ರನಲ್ಲ, ಮಗನಿಗೆ ನೀನೇ ಹೇಳಿ ನೋಡು. ಪಟ್ಟ ಅಪ್ಪನದು, ಅಧಿಕಾರ ಮಗನದು. ತುಂಬಿದ ಸಭೆಯಲ್ಲಿ ಅರಸನ ಬಾಯಿಂದಲೇ ಇದು ಹೊರಬಿತ್ತು. ಆಮೇಲೆ ಸೂಜಿಮೊನೆಯಷ್ಟೂ ನೆಲ ಕೊಡೆ ಎಂದು ಕೌರವ ಎಲ್ಲರೆದುರೇ ಹೇಳಿಬಿಟ್ಟ. ಕೃಷ್ಣನಿಗೆ ಬೇಕಾಗಿದ್ದೂ ಅದೇ. ದುರ್ಯೋಧನನ ಬಗ್ಗೆ ಎರಡು ಮನಸ್ಸಿನಲ್ಲಿರುವವರ ಸಂಶಯ ಕಳೆಯುತ್ತೇನೆ ಎಂದು ಅವನು ಹೊರಡುವ ಮೊದಲೇ ಧರ್ಮರಾಯನಿಗೆ ಹೇಳಿದ್ದ.

ಹಾಗಂತ ಕೌರವನ ವಾದವನ್ನು ಸುಮ್ನೆ ತಳ್ಳಿಹಾಕಬೇಡಿ. ಧರ್ಮರಾಯ ತಾನಾಗಿ ಜೂಜಿಗೆ ಕೂತು ಸೋತ, ಇದರಲ್ಲಿ ನನ್ನ ತಪ್ಪೇನು ಎಂದು ಅವನು ಕೇಳುತ್ತಾನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ ಮುಗಿದ ಮೇಲೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಉಳಿಯುವುದು ಮಾತೊಂದೇ. ಮುಂದಿನ ಸಲ ಕೌರವನ ಅರ್ಥ ಹೇಳುವವರನ್ನೂ ಅಷ್ಟೇ ಗಮನವಿಟ್ಟು ಕೇಳಿ.