ಹಾಸನದ ಸಣ್ಣ ಲೇತ್ ಶಾಪ್‌ಗೆ ಸೇನೆಯ ರಿಪೇರಿ ಕೆಲಸ ಸಿಗುತ್ತಾ?

ಅಪ್ಪ ಹಾಸನದಲ್ಲಿ ಲೇತ್ ಶಾಪ್ ಇಟ್ಟಿದ್ದಾರೆ, ಡಿಪ್ಲೊಮಾ ಮುಗಿಸಿದ್ದೀನಿ, ಸೇನೆಯ ರಿಪೇರಿ ಕೆಲಸಕ್ಕೆ ನಮ್ಮಂಥವರು ಕೈ ಹಾಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಬಹುದು. ನಾನು ಇಎಂಇಯಲ್ಲಿ, ಅಂದರೆ ಸೇನೆಯ ರಿಪೇರಿ ವಿಭಾಗದಲ್ಲಿ, ಫಿಟರ್ ಆಗಿದ್ದವನು. ಈಗ ಸಕಲೇಶಪುರದ ಕಡೆ ತೋಟಗಳ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಪಂಪ್‌ಸೆಟ್ ನೋಡಿಕೊಳ್ಳುತ್ತೇನೆ.

ಸೇನೆಗೆ ಹೊರಗಿನ ವರ್ಕ್‌ಶಾಪ್ ಜಾಸ್ತಿ ಬೇಕಾಗುವುದು ಹಳೆ ಯಂತ್ರಗಳಿಗೆ. ಚೇತಕ್ ಹೆಲಿಕಾಪ್ಟರ್ ಸೇವೆಗೆ ಬಂದು 2022ಕ್ಕೆ 60 ವರ್ಷ ತುಂಬಿತು. ಅಷ್ಟು ಕಾಲ ಓಡುವ ಯಂತ್ರಗಳ ಬಿಡಿಭಾಗ ಎಷ್ಟೋ ಸಲ ಅಂಗಡಿಯಲ್ಲೂ ಸಿಗಲ್ಲ, ಡ್ರಾಯಿಂಗೂ ಸಿಗಲ್ಲ. ಕೈಗೆ ಬರುವುದು ಸವೆದ ತುಂಡು ಮಾತ್ರ. ಅದನ್ನು ಮೈಕ್ರೋಮೀಟರ್ ಹಿಡಿದು ಅಳೆದು ಹಾಗೇ ತಿರುವಿದರೆ, ಸವೆದದ್ದನ್ನೇ ಹೊಸದಾಗಿ ಮಾಡಿದ ಹಾಗಾಗುತ್ತದೆ. ಸವೆಯದ ಜಾಗ ಹುಡುಕಬೇಕು. ಅದು ಕೂರುವ ಜೋಡಿ ಭಾಗವನ್ನೂ ಅಳೆಯಬೇಕು. ಲೋಹ ಯಾವುದು, ಗಡಸುತನ ಎಷ್ಟು ಅಂತ ಲ್ಯಾಬ್‌ನಲ್ಲಿ ನೋಡಿಸಬೇಕು.

ಸವೆದ ಶಾಫ್ಟನ್ನೇ ಉಳಿಸುವುದು ಇನ್ನೊಂದು ಕೆಲಸ. ಪಲ್ಪರ್ ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ಸವೆದರೆ ನಾವು ವೆಲ್ಡಿಂಗ್ ತುಂಬಿ ಲೇತ್‌ಗೆ ಕಟ್ಟುತ್ತೇವೆ, ಅಲ್ವಾ? ಗಡಸು ಮಾಡಿದ ಶಾಫ್ಟಿಗೆ ಅದು ಆಗಲ್ಲ. ಬಿಸಿಗೆ ಗಡಸುತನ ಹೋಗುತ್ತದೆ, ಶಾಫ್ಟ್ ಬಾಗುತ್ತದೆ. ಅಲ್ಲಿ ಮೆಟಲ್ ಸ್ಪ್ರೇ, ಅಂದರೆ ಕರಗಿಸಿದ ಲೋಹ ಹೊಡೆದು ಗ್ರೈಂಡ್ ಮಾಡುತ್ತಾರೆ. ಆದರೆ ಗೇರಿನ ಹಲ್ಲಿಗೆ ಅದು ನಿಲ್ಲಲ್ಲ, ಏಟಿಗೆ ಎದ್ದು ಬರುತ್ತದೆ. ಕೋಲ್ಡ್ ಸ್ಪ್ರೇ ಅಂತ ಇನ್ನೊಂದಿದೆ. ಲೋಹದ ಪುಡಿಯನ್ನು ಕರಗಿಸದೆ, ಒತ್ತಡದ ಗ್ಯಾಸ್‌ನಲ್ಲಿ ಶಬ್ದಕ್ಕಿಂತ ವೇಗವಾಗಿ ಹೊಡೆದು ಅಂಟಿಸುವುದು. ಇಂಥ ತಂತ್ರಗಳನ್ನು ಕಾರ್ಖಾನೆಯವರೂ ಸೇನೆಯವರೂ ಒಟ್ಟಿಗೆ ಪರೀಕ್ಷೆ ಮಾಡಲು ಅಮೆರಿಕದಲ್ಲಿ 1998ರಿಂದ ಸಿಟಿಎಂಎ ಎಂಬ ಕಾರ್ಯಕ್ರಮವಿದೆ. ಸೇನೆಯ ಡಿಪೋದಲ್ಲಿ ಕಲಿತದ್ದು ಕಾರ್ಖಾನೆಗೂ ಸಿಗುತ್ತದೆ. ನಮ್ಮಲ್ಲೂ ಇದು ಜಿಲ್ಲೆಯ ಮಟ್ಟಕ್ಕೆ ಬರಬೇಕು ಅನ್ನುವುದು ನನ್ನ ಗಟ್ಟಿ ಆಸೆ.

ನಮ್ಮಲ್ಲಿ ಬಾಗಿಲು ಇಲ್ಲವೆಂದಲ್ಲ. 2020ರಲ್ಲಿ ಶುರುವಾದ, ರಕ್ಷಣಾ ಇಲಾಖೆಯ ಸೃಜನ್ ಪೋರ್ಟಲ್‌ನಲ್ಲಿ, ಹೊರದೇಶದಿಂದ ತರಿಸುತ್ತಿದ್ದ ಭಾಗಗಳ ಪಟ್ಟಿ ಹಾಕಿ ಇಲ್ಲಿಯವರನ್ನು ಕರೆಯುತ್ತಾರೆ. ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿ ಒಂದು ಯೋಜನೆಗೆ 50 ಕೋಟಿ ರೂಪಾಯಿವರೆಗೂ ಕೊಡುತ್ತದೆ. ಆದರೆ ಈಗಲೇ ಅದರ ಹಿಂದೆ ಹೋಗಬೇಡಿ. ಸೃಜನ್ ಪಟ್ಟಿಯಲ್ಲಿ ಬುಷ್, ಪಿನ್, ಬ್ರಾಕೆಟ್‌ನಂಥದ್ದು ನೋಡಿ. ಇಲ್ಲವೇ ಎಚ್‌ಎಎಲ್, ಬೆಮೆಲ್‌ಗೆ ಮಾಲು ಕೊಡುವ ಬೆಂಗಳೂರಿನ ವರ್ಕ್‌ಶಾಪ್‌ಗಳಿಂದ ಜಾಬ್‌ವರ್ಕ್ ಕೇಳಿ.

ಹೋಗುವ ಮೊದಲು ನಿಮ್ಮ ಅಳತೆ ಸಾಮಾನು ಕ್ಯಾಲಿಬ್ರೇಷನ್ ಮಾಡಿಸಿ, ಅಂದರೆ ಅದು ಸರಿ ಅಳೆಯುತ್ತದಾ ಅಂತ ಪರೀಕ್ಷೆ ಮಾಡಿಸಿ. ಯಾವ ಲೋಹದ ಕಡ್ಡಿಯಿಂದ ಯಾವ ಭಾಗ ಮಾಡಿದಿರಿ, ಅಳತೆ ಎಷ್ಟು ಬಂತು, ಎಲ್ಲ ಬರೆದಿಡಿ. ಅಪ್ಪನ ಕೈ ಎಷ್ಟೇ ಪಳಗಿದ್ದರೂ ಅಲ್ಲಿ ಮೊದಲು ಕೇಳುವುದು ಕಾಗದ. ಸುಮ್ನೆ ಸತಾಯಿಸಲು ಅಲ್ಲ. ಗುಡ್ಡದ ಮೇಲೆ ಗಾಡಿ ಕೆಟ್ಟರೆ, ಅದೇ ಕಡ್ಡಿಯಿಂದ ಮಾಡಿದ ಉಳಿದ ಭಾಗಗಳು ಯಾವ ಗಾಡಿಗಳಲ್ಲಿವೆ ಅಂತ ಅವತ್ತೇ ಗೊತ್ತಾಗಬೇಕು.

ಮಾದರಿ ಕೊಟ್ಟು, ಪರೀಕ್ಷೆ ಮುಗಿದು ಆರ್ಡರ್ ಬರುವವರೆಗೆ ಸಮಯ ಹಿಡಿಯುತ್ತದೆ. ಕಾಫಿ ಸೀಸನ್ನಿನ ಪಲ್ಪರ್ ಕೆಲಸ ಮಾತ್ರ ಬಿಡಬೇಡಿ. ಹುಡುಗರ ಸಂಬಳ ಅಲ್ಲಿಂದಲೇ ಹುಟ್ಟಬೇಕು.